ಬಾಯಿಮಾತಿನ ನಾಯಿಮರಿ

ಮೂರು ಕಡೆ ಮರಿ ಹೇಳಿಟ್ಟು ಎಲ್ಲಿಯೂ ಮುಂಗಡ ಕೊಡದ ಬೆಂಗಳೂರಿನ ರಾಯರನ್ನು ಅಸಭ್ಯರೆನ್ನಲಾಗದು. ಅವರು ಪಕ್ಷಪಾತ ಮಾಡಿಲ್ಲ. ಮುಧೋಳದ ಈರಪ್ಪನೂ ಸಜ್ಜನ. ಐದು ಮರಿಗೆ ಒಂಬತ್ತು ಮುಂಗಡ ಪಡೆದದ್ದು ಯಾರಿಗೂ ನಿರಾಸೆಯಾಗಬಾರದೆಂದು. "ಈ ವಾರವೇ ಮರಿ ಕಳಿಸಿ." "ಎಂಟು ವಾರ ತುಂಬ್ಲಿರೀ ಸಾಹೇಬ್ರ, 2017ರ ನಿಯಮ ಐತಿ." "ಹಾಗಾದ್ರೆ ನಿಮ್ಮ ನೋಂದಣಿ ಪತ್ರ ತೋರಿಸಿ." "ಮೊದಲ ಮುಂಗಡ ತೋರಿಸ್ರಿ." "ನನ್ನ ಮೇಲೆ ನಂಬಿಕೆ ಇಲ್ವೇ?" "ಭಾಳ ಐತ್ರಿ. ಜಮಖಂಡಿಯವ್ರಿಗೂ ಐತಂತ, ಲೋಕಾಪುರದವ್ರಿಗೂ ಐತಂತ. ಮೂವರೂ ನಿಮ್ಮ ಹೆಸರಿನ ಮರಿ ಸಾಕಾಕತ್ತೀವಿ."

ರಶೀದಿ ಬರೆದರೆ ತಂಟೆಯೇ ಇರದೆಂಬ ಆಕ್ಷೇಪವುಂಟು. ಆದರೆ ಅದರಲ್ಲಿ ಮರಿಯ ಗುರುತು, ತಾರೀಖು, ಹಣ ಮರಳಿಸುವ ಷರತ್ತು ಎಲ್ಲ ಬರಬೇಕು. ಆಮೇಲೆ ನಂಬಿಕೆಗೇನು ಕೆಲಸ? "ಅಕಸ್ಮಾತ್ ಮರಿ ಸತ್ರೆ ಮುಂಗಡದ ಗತಿ?" "ರೊಕ್ಕಕ್ಕೇನ್ ಆಗ್ತೈತ್ರಿ? ನನ್ನ ಕಡೆ ಆರಾಮ ಇರ್ತೈತಿ!"