ಹುಣಸೆ ಮಂಡಿಯ ತಾರೀಖು ಮಾವ

ಹಿಂದೂಪುರದ ಹುಣಸೆ ಮಂಡಿಯಲ್ಲಿ ಹರಾಜಿನ ಗಲಾಟೆ ಇಳಿದ ಮೇಲೆ ಒಂದು ಅಂಗಡಿಯ ಮುಂದೆ ಬೇರೆ ಥರದ ಗಿರಾಕಿಗಳು ಸೇರುತ್ತಾರೆ. ಇವರ ಕೈಯಲ್ಲಿ ಹುಣಸೆಯ ಸ್ಯಾಂಪಲ್ ಇರುವುದಿಲ್ಲ. ಮಗನದೋ ಮಗಳದೋ ಆಧಾರ್ ಕಾರ್ಡಿನ ಜೆರಾಕ್ಸ್ ಇರುತ್ತದೆ. ಅಂಗಡಿಯ ಯಜಮಾನರು ಕಮಿಷನ್ ದಲ್ಲಾಳಿ, ವಯಸ್ಸು ಅರವತ್ತರ ಆಚೆ. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ‘ತಾರೀಖು ಮಾವ’. ಯಾವ ಮಗು ಯಾವ ಪ್ರವೇಶ ಪರೀಕ್ಷೆಯನ್ನು ಯಾವಾಗ ಬರೆಯಬೇಕು ಎಂದು ಅವರನ್ನು ಕೇಳದೆ ತೀರ್ಮಾನಿಸುವುದು ಮುಹೂರ್ತ ಇಡಿಸದೆ ಚಪ್ಪರ ಹಾಕಿದ ಹಾಗೆ.

ಇಂಥ ಮಾವ ಈಗ ಪ್ರತಿ ಊರಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಗಡಿ ಊರಿನ ಮಾವನಿಗೆ ಮಾತ್ರ ಕೆಲಸ ದುಪ್ಪಟ್ಟು. ಹಿಂದೂಪುರ ಇರುವುದು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ಬೆಂಗಳೂರಿಗೆ ನೂರು ಕಿಲೋಮೀಟರು, ರೈಲು ಹತ್ತಿದರೆ ಗೌರಿಬಿದನೂರು ದಾಟಿ ಮಧ್ಯಾಹ್ನದ ಊಟಕ್ಕೆ ಯಶವಂತಪುರ. ಹೀಗಾಗಿ ಇಲ್ಲಿನ ಮಗುವಿಗೆ ಆಂಧ್ರದ ಇಎಪಿಸೆಟ್, ಕರ್ನಾಟಕದ ಸಿಇಟಿ, ಕಾಮೆಡ್‌ಕೆ, ದಿಲ್ಲಿಯ ಜೆಇಇ, ನೀಟ್ ಎಲ್ಲವೂ ಕೂಗಳತೆಯಲ್ಲೇ ಇವೆ. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ವೆಂಕಟ್ರಾಮ ಅಂಡ್ ಕೋ ತೆಲುಗು ಕ್ಯಾಲೆಂಡರು, ಪಕ್ಕದ ಮೊಳೆಯಲ್ಲಿ ದಾರ ಕಟ್ಟಿದ ಒಂಟಿಕೊಪ್ಪಲ್ ಪಂಚಾಂಗ. ಆಂಧ್ರದ ಪರೀಕ್ಷೆಗೆ ನೀಲಿ ಶಾಯಿ, ಕರ್ನಾಟಕದ್ದಕ್ಕೆ ಹಸಿರು, ದಿಲ್ಲಿಯದಕ್ಕೆ ಕೆಂಪು. ಏಪ್ರಿಲ್ ಮತ್ತು ಮೇ ಹಾಳೆಗಳು ಹೋಳಿ ಆಡಿ ಬಂದ ಹುಡುಗರ ಅಂಗಿಯ ಹಾಗಿರುತ್ತವೆ. ಅವುಗಳ ಮೇಲೆ ಹುಣಸೆ ಮುಟ್ಟಿದ ಬೆರಳಿನ ಕಂದು ಗುರುತು ಬೇರೆ. ಒಬ್ಬ ತಂದೆ ಅಂಥ ಒಂದು ಕಲೆಯನ್ನು ತೋರಿಸಿ ‘ಇದು ಯಾವ ಪರೀಕ್ಷೆ ಮಾವ, ಇದಕ್ಕೂ ಅರ್ಜಿ ಹಾಕ್ಬಿಡಲಾ?’ ಎಂದು ಕೇಳಿದ್ದುಂಟು.

ಮಾವನ ಶಾಸ್ತ್ರವೆಲ್ಲ ಮಂಡಿಯಲ್ಲೇ ಹುಟ್ಟಿದ್ದು. ಜೆಇಇ ಮೇನ್ ವರ್ಷಕ್ಕೆ ಎರಡು ಸಲ, ಜನವರಿಗೊಮ್ಮೆ, ಏಪ್ರಿಲ್‌ಗೊಮ್ಮೆ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಲೆಕ್ಕಕ್ಕೆ. ಪಾಠವೇ ಮುಗಿಯದ ಜನವರಿಯಲ್ಲಿ ಬರೆಯಬೇಕೋ, ಮಾರ್ಚಿನ ಇಂಟರ್ (ಆಂಧ್ರದ ಪಿಯುಸಿ) ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಬರೆದರೆ ಸಾಕೋ ಎಂಬುದು ಪ್ರತಿ ವರ್ಷ ದೀಪಾವಳಿ ಕಳೆದ ಕೂಡಲೇ ಏಳುವ ಪ್ರಶ್ನೆ.

‘ಜನವರಿ ಅಂದ್ರೆ ಹೊಸ ಹುಣಸೆ ಕಣಯ್ಯಾ. ತೇವ ಇರ್ತದೆ, ತೂಕ ಜಾಸ್ತಿ ಕಾಣ್ತದೆ. ಒಣಗಿದ ಮೇಲೇ ಅಸಲು ಗೊತ್ತಾಗೋದು. ಆದ್ರೂ ಒಂದು ಮೂಟೆ ಮಂಡಿಗೆ ಕಳಿಸ್ಬೇಕು.’

‘ಯಾಕೆ ಮಾವ?’

‘ಮಾರೋಕಲ್ಲ. ರೇಟು ತಿಳಿಯೋಕೆ.’

ನಗಬಹುದು, ಆದರೆ ಪರ್ಸೆಂಟೈಲ್ ಎಂದರೇನು ಎಂಬುದನ್ನು ಇವರಷ್ಟು ಸಲೀಸಾಗಿ ಬಿಡಿಸಿ ಹೇಳಿದವರು ಕಡಿಮೆ. ಬೇರೆ ಬೇರೆ ದಿನ, ಬೇರೆ ಬೇರೆ ಪಾಳಿ, ಬೇರೆ ಬೇರೆ ಪ್ರಶ್ನೆಪತ್ರಿಕೆ. ಆದ್ದರಿಂದ ತನ್ನ ಪಾಳಿಯಲ್ಲಿ ಬರೆದವರ ನಡುವೆ ಹುಡುಗ ಎಷ್ಟನೆಯವನು ಎಂಬುದೇ ಅಂಕ. ‘ನಿನ್ನ ಸರಕು ಎಷ್ಟು ಚೆನ್ನಾಗಿದೆ ಅಂತ ಯಾರೂ ಕೇಳಲ್ಲ. ಅವತ್ತು ಯಾರ್ಯಾರ ಸರಕು ಬಂದಿತ್ತು ಅನ್ನೋದರ ಮೇಲೆ ರೇಟು. ಒಳ್ಳೇ ಕರಿಪುಳಿ ಹುಣಸೆಯೆಲ್ಲ ಒಂದೇ ದಿನ ಬಂದು ಬಿದ್ರೆ, ನಿನ್ನ ಸಾಧಾರಣ ಫ್ಲವರ್ ಹುಣಸೆ ಯಾರು ಮೂಸ್ತಾರೆ?’ ಕೋಚಿಂಗ್ ಸೆಂಟರಿನವರು ಹಲಗೆಯ ಮೇಲೆ ಸೂತ್ರ ಬರೆದು ಹೇಳಿದಾಗ ಅರ್ಥವಾಗದವರಿಗೂ ಇಲ್ಲಿ ಅರ್ಥವಾಗುತ್ತದೆ.

ಮಾವನ ಪಾಲಿನ ಸುವರ್ಣಯುಗ 2021. ಕೋವಿಡ್ ಕಾಲದ ಆ ವರ್ಷ ಜೆಇಇ ಮೇನ್ ನಾಲ್ಕು ಸಲ ನಡೆಯಿತು. ಒಂದು ಮಗುವಿಗೆ ನಾಲ್ಕು ಸಲಹೆ! ಮರುವರ್ಷ ಅದು ಮತ್ತೆ ಎರಡಕ್ಕೆ ಇಳಿದಾಗ ಅವರು ಒಂದು ವಾರ ಮಂಕಾಗಿದ್ದರಂತೆ. 2024ರ ನವೆಂಬರ್ 5ರಂದು ಜೆಇಇ ಅಡ್ವಾನ್ಸ್ಡ್ ಅನ್ನು ಎರಡರ ಬದಲು ಮೂರು ಸಲ ಬರೆಯಬಹುದು ಎಂದು ಪ್ರಕಟಣೆ ಬಂದು, 18ಕ್ಕೆ ಅದು ವಾಪಸಾದಾಗ ಮಾತ್ರ ಮಾವ ನಿಜಕ್ಕೂ ಸಿಟ್ಟಾದರು. ಹದಿಮೂರು ದಿನಕ್ಕೆ ಮಾತು ತಿರುಗಿಸುವ ದಲ್ಲಾಳಿಗೆ ಮಂಡಿಯಲ್ಲಿ ಯಾರೂ ಒಂದು ಲೋಟ ಟೀ ಕೂಡ ಸಾಲ ಕೊಡುವುದಿಲ್ಲ ಎಂಬುದು ಅವರ ವಾದ. ಚೀನಾದ ಗಾವೊಕಾವೊ ಪ್ರವೇಶ ಪರೀಕ್ಷೆ ಪ್ರತಿ ವರ್ಷ ಜೂನ್ 7ಕ್ಕೇ ಶುರು, ದಕ್ಷಿಣ ಕೊರಿಯದಲ್ಲಿ ನವೆಂಬರಿನ ಒಂದೇ ಒಂದು ದಿನ ಪರೀಕ್ಷೆ, ಅವತ್ತು ಮಕ್ಕಳು ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುವ ಹೊತ್ತಿನಲ್ಲಿ ವಿಮಾನವನ್ನೂ ಇಳಿಯಗೊಡುವುದಿಲ್ಲ ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದರು. ಮಾವ ಬಹಳ ಹೊತ್ತು ಮರುಗಿದರು. ‘ಒಂದೇ ದಿನಾನಾ? ಪಾಪ, ಅಲ್ಲಿ ಮಾವಂದಿರಿಗೆ ಏನು ಕೆಲಸ?’

ಕೆಲವರಿಗೆ ಅವರು ಕೊಡುವ ಉತ್ತರ ಕೇಳಿದರೆ ಹೊಸಬರು ಬೆಚ್ಚುತ್ತಾರೆ. ‘ಇವನು ಸಿಇಟಿಗೆ ಯಾವಾಗಿಂದ ತಯಾರಿ ಶುರು ಮಾಡ್ಬೇಕು ಮಾವ?’ ಎಂದರೆ ‘ಆರನೇ ಕ್ಲಾಸಿಂದ’ ಎನ್ನುತ್ತಾರೆ. ಇದು ತಮಾಷೆಯಲ್ಲ. ಸಿಇಟಿ ಮೂಲಕ ಕರ್ನಾಟಕದ ಸರ್ಕಾರಿ ಸೀಟಿಗೆ ಹಕ್ಕು ಸಿಗಬೇಕಾದರೆ ಇರುವ ಮುಖ್ಯ ದಾರಿ ಕರ್ನಾಟಕದೊಳಗೆ ಏಳು ವರ್ಷ ಓದಿರುವುದು. ಆರರಿಂದ ಹನ್ನೆರಡು, ಬೆರಳು ಮಡಿಸಿ ಎಣಿಸಿದರೆ ಸರಿಯಾಗಿ ಏಳು. ಹಾಗಾಗಿ ಐದನೇ ಕ್ಲಾಸಿನ ಮಗುವನ್ನು ಗೌರಿಬಿದನೂರಿನ ಶಾಲೆಗೋ ಪಾವಗಡದ ಹಾಸ್ಟೆಲಿಗೋ ಸಾಗಿಸುವ ಮಾತು ಮಂಡಿಯಲ್ಲಿ ನಡೆಯುತ್ತದೆ. ಎಂಜಿನಿಯರಿಂಗ್ ಎಂಬುದರ ಕಾಗುಣಿತವೂ ಬರದ ವಯಸ್ಸಿನಲ್ಲಿ ಆ ಮಗುವಿನ ಎಂಜಿನಿಯರಿಂಗ್ ಶುರುವಾಗಿರುತ್ತದೆ.

ಮಾವನ ಸ್ವಂತ ಮಗ? ಆತ ಕೊನೆಯ ದಿನ ದಂಡ ಕಟ್ಟಿ ಬಿಕಾಂ ಸೇರಿದವನು. ಆ ವಿಷಯ ಅಂಗಡಿಯಲ್ಲಿ ಬರುವುದಿಲ್ಲ.

ಮಾವನಿಗೆ ಜಗತ್ತಿನಲ್ಲಿ ಒಬ್ಬನೇ ಎದುರಾಳಿ. ಅದು ಕಲ್ಯಾಣದುರ್ಗದಲ್ಲಿರುವ ಅವರ ಭಾವಮೈದ, ಹೆಂಡತಿಯ ತಮ್ಮ. ಶೇಂಗಾ ಬೆಳೆಯುವವನು. ಮಳೆ ನಂಬಿ ಬದುಕುವ ಅನಂತಪುರ ಜಿಲ್ಲೆಯ ರೈತನಿಗೆ ತಾರೀಖಿನ ಮೇಲೆ ನಂಬಿಕೆ ಇರುವುದು ಕಷ್ಟ. ‘ಹದ ಬಂದಾಗ ಬಿತ್ತೋದು ಭಾವ. ಒಂದೇ ಸಲ. ಬಂದ್ರೆ ಬಂತು’ ಎನ್ನುವ ಗಿರಾಕಿ. ಅವನ ಹೆಮ್ಮೆಯೆಂದರೆ ಪಕ್ಕದ ಕಂಬದೂರು ಸೀಮೆಯ ವಿದ್ವಾಂಸ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು. ‘ಅವರು ಯಾವ ಸಿಇಟಿ ಬರ್ದು ಮೈಸೂರಿನ ಮಹಾರಾಜ ಕಾಲೇಜಿಗೆ ಹೋದ್ರು ಹೇಳಿ’ ಎಂದು ಸವಾಲು ಹಾಕುತ್ತಾನೆ. ಮಾವ ಕನ್ನಡಕ ಒರೆಸುತ್ತಾ ‘ಅವರು ಹೋಗಿದ್ದು ಪಾಠ ಹೇಳೋಕೆ ಕಣಪ್ಪಾ, ಓದೋಕಲ್ಲ’ ಎನ್ನುತ್ತಾರೆ.

ಈ ಭಾವಮೈದನ ಮಗಳು 2024ರಲ್ಲಿ ಇಂಟರ್ ಎಂಪಿಸಿ ಮುಗಿಸಿದಳು. ಹುಡುಗಿಗೆ ಇವರು ಸೋದರತ್ತೆಯ ಗಂಡ, ಅಂದರೆ ಊರಿಗೆಲ್ಲ ಬಿರುದಾಗಿದ್ದ ‘ಮಾವ’ ಇಲ್ಲಿ ಹಕ್ಕಿನ ಸಂಬಂಧ. ಜನವರಿಯಲ್ಲಿ ಒಂದು ಮೂಟೆ ಮಂಡಿಗೆ ಹೋಗಿ ರೇಟು ತಿಳಿದಾಗಿತ್ತು. ಜೆಇಇ ಮೇನ್‌ನ ಏಪ್ರಿಲ್ ಸರದಿಯ ಹಾಲ್ ಟಿಕೆಟ್ ನೆಟ್ ಸೆಂಟರಿನ ಪ್ರಿಂಟರಿನಿಂದ ಹೊರಬಂದಾಗ ಮಾವ ಅದನ್ನು ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದರು. ಏಪ್ರಿಲ್ 9, ಮಂಗಳವಾರ, ಎರಡನೇ ಪಾಳಿ, ಮೂರು ಗಂಟೆಯಿಂದ ಆರು. ಅವತ್ತು ಕ್ರೋಧಿ ಸಂವತ್ಸರದ ಯುಗಾದಿ. ಸಾಲದ್ದಕ್ಕೆ ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ.

‘ಬೆಳಗಿನ ಪಾಳಿಗೆ ಬದಲಾಯಿಸಪ್ಪಾ’ ಎಂದು ನೆಟ್ ಸೆಂಟರಿನ ಹುಡುಗನಿಗೆ ಹೇಳಿದರು.

‘ಅದು ಅವರೇ ಕೊಡೋದು ಅಂಕಲ್. ನಮ್ಮ ಕೈಲಿ ಇಲ್ಲ.’

ಇಪ್ಪತ್ತು ರೂಪಾಯಿ ಜಾಸ್ತಿ ಕೊಡುತ್ತೇನೆಂದರು. ಹುಡುಗ ನಕ್ಕ.

ಆ ರಾತ್ರಿ ಮಾವ ಪಂಚಾಂಗದ ಮುಂದೆ ಕೂತು ದಾರಿ ಹುಡುಕಿದರು. ಎರಡೂವರೆಗೆ ಗೇಟು ಮುಚ್ಚುತ್ತಾರೆ, ಅಂದರೆ ಹುಡುಗಿ ಎರಡೂವರೆಯೊಳಗೆ ಒಳಗೆ ಕಾಲಿಟ್ಟಿರುತ್ತಾಳೆ. ಕಾಲಿಟ್ಟದ್ದೇ ಆರಂಭ, ಬರೆಯುವುದು ಮುಂದುವರಿಕೆ. ಮುಂದುವರಿಕೆಗೆ ರಾಹು ಇಲ್ಲ! ಯುಗಾದಿಯ ದಿನ ಬೆಳಿಗ್ಗೆ ಕಲ್ಯಾಣದುರ್ಗದ ಮನೆಗೆ ಹೋಗಿ, ತಮ್ಮದೇ ಮಂಡಿಯ ಹೊಸ ಹುಣಸೆಯಿಂದ ಮಾಡಿಸಿದ ಪಚ್ಚಡಿಯನ್ನೂ, ಕನ್ನಡದವರ ಲೆಕ್ಕಕ್ಕೆ ಬೇವು ಬೆಲ್ಲವನ್ನೂ ತಿನ್ನಿಸಿ, ಅನಂತಪುರದ ಪರೀಕ್ಷಾ ಕೇಂದ್ರದ ಬಿಸಿಲಿನಲ್ಲಿ ಹನ್ನೆರಡೂವರೆಗೇ ನಿಲ್ಲಿಸಿದರು. ಗೇಟಿನವನು ಉಂಗುರ, ಕಿವಿಯೋಲೆ ತಪಾಸಣೆ ಮಾಡುವಾಗ ಮಾವ ಗಡಿಯಾರ ನೋಡುತ್ತಿದ್ದರು.

ಅದಾದ ಒಂಬತ್ತನೇ ದಿನಕ್ಕೆ ಬೆಂಗಳೂರಿನಲ್ಲಿ ಸಿಇಟಿ. ಏಪ್ರಿಲ್ 18ರ ಗುರುವಾರ ಮಧ್ಯಾಹ್ನ ಎರಡೂವರೆಗೆ ಗಣಿತ, ರಾಹುಕಾಲ ಮೂರರವರೆಗೆ. 19ರ ಶುಕ್ರವಾರ ಹತ್ತೂವರೆಯಿಂದ 11.50ರವರೆಗೆ ಭೌತಶಾಸ್ತ್ರ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಇಡೀ ಪರೀಕ್ಷೆ ರಾಹುವಿನ ಹೊಟ್ಟೆಯೊಳಗೆ ಹೊಲಿಸಿ ಇಟ್ಟಂತೆ ಕೂತಿತ್ತು. ಆ ಸಲದ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ರಾದ್ಧಾಂತವಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಾಗ ಸಮಿತಿಯೂ ವರದಿಯೂ ಮಾವನಿಗೆ ಬೇಕಾಗಲಿಲ್ಲ. ಕಾರಣ ಅವರಿಗೆ ಮೊದಲೇ ಗೊತ್ತಿತ್ತು. ಮೇ 5ರ ಭಾನುವಾರದ ನೀಟ್ ಪರೀಕ್ಷೆಯ ಕೊನೆಯ 50 ನಿಮಿಷವೂ ರಾಹುಕಾಲಕ್ಕೇ ಬಿದ್ದಿತ್ತು. ದೇಶದ ಸುಮಾರು 23 ಲಕ್ಷ ಮಕ್ಕಳಿಗೂ ಒಟ್ಟಿಗೇ ಬಿದ್ದಿತಲ್ಲ ಎಂದರೆ, ‘ಅದಕ್ಕೇ ಅಲ್ವಾ ಆ ಪಾಟಿ ಗಲಾಟೆಯಾಗಿದ್ದು’ ಎಂದು ನಮ್ಮ ಮೇಲೆಯೇ ತಿರುಗಿಬಿದ್ದರು.

20ರ ಶನಿವಾರದ ಕನ್ನಡ ಭಾಷಾ ಪರೀಕ್ಷೆ ಮಾತ್ರ ರಾಹುಕಾಲ ಕಳೆದ ಮೇಲೆ ಇತ್ತು. ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಸೀಟು ಕೇಳುವವರಿಗೆ 50 ಅಂಕದ ಪರೀಕ್ಷೆ ಅದು. ಅನ್ನ, ಸಾರು, ಜಗಳ ಎಲ್ಲ ಕನ್ನಡದಲ್ಲೇ ನಡೆಯುವ ಮನೆಯ ಹುಡುಗಿ ಶಾಲೆಯಲ್ಲಿ ಕಲಿತದ್ದು ತೆಲುಗು ಅಕ್ಷರ. ಎರಡು ತಿಂಗಳು ಭಾನುವಾರಗಳಂದು ಮಾವ ಮಂಡಿಯ ಚೀಟಿಗಳ ಬೆನ್ನಿನ ಮೇಲೆ ಬರೆಸಿದರು. ಅವಳ ಪ್ರತಿ ಅಕ್ಷರದ ತಲೆಯ ಮೇಲೂ ತೆಲುಗಿನ ತಲಕಟ್ಟು, ಮೇಷ್ಟ್ರು ಸರಿ ಗುರುತು ಹಾಕಿದ ಹಾಗೆ, ಚಟಕ್ಕನೆ ಮೂಡಿಬಿಡುತ್ತಿತ್ತು. ‘ಅದನ್ನ ಮಲಗಿಸಮ್ಮಾ, ಮಲಗಿಸು. ನಿಂತ್ರೆ ಆಂಧ್ರ, ಮಲಗಿದ್ರೆ ಕರ್ನಾಟಕ!’ ಪರೀಕ್ಷೆ ಮುಗಿಸಿ ಬಂದವಳು ‘ನಾಕು ಕಡೆ ನಿಂತ್ಕೊಂಡ್ತು ಮಾವ’ ಎಂದಳು.

ಇಎಪಿಸೆಟ್ ಮೊದಲು ಮೇ 13ಕ್ಕಿತ್ತು. ಅದೇ ದಿನ ಆಂಧ್ರದಲ್ಲಿ ಚುನಾವಣೆ ಬಂದು 16ಕ್ಕೆ ಹೋಯಿತು. ಮೂರು ದಿನದ ಮುಂದೂಡಿಕೆಯನ್ನು ಮಾವ ತಮ್ಮ ಸ್ವಂತ ಸಾಧನೆಯಂತೆ ಹೇಳಿಕೊಂಡು ಓಡಾಡಿದರು. ಇಎಪಿಸೆಟ್‌ನಲ್ಲಿ ನೂರಕ್ಕೆ 25ರಷ್ಟು ತೂಕ ಇಂಟರ್ ಅಂಕಕ್ಕೆ, ಕರ್ನಾಟಕದಲ್ಲಿ ಅರ್ಧಕ್ಕರ್ಧ. ಹುಡುಗಿಯ ಇಂಟರ್ ಅಂಕ ಚೆನ್ನಾಗಿಯೇ ಬಂದಿತ್ತು. ರ‍್ಯಾಂಕು ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಆಗ ಎದ್ದಿತು ‘ಲಾಂಗ್ ಟರ್ಮ್’ ಪ್ರಶ್ನೆ. ಒಂದು ವರ್ಷ ಬಿಟ್ಟು, ಕೋಚಿಂಗಿನಲ್ಲಿ ಕೂರಿಸಿ, ಮತ್ತೆ ಬರೆಸುವುದಕ್ಕೆ ತೆಲುಗು ನಾಡಿನ ಹೆಸರು ಅದು. ಜುಲೈ 10ರ ಬುಧವಾರ ಭಾವಮೈದ ಮಗಳನ್ನು ಕರೆದುಕೊಂಡು ಮಂಡಿಗೆ ಬಂದ. ಮಾವನದು ಕೋಲ್ಡ್ ಸ್ಟೋರೇಜ್ ಪಕ್ಷ. ‘ಒಂದ್ವರ್ಷ ಒಳಗಿಡು. ಬಣ್ಣ ಕೆಡಲ್ಲ, ರೇಟು ಏರ್ತದೆ.’ ಭಾವಮೈದನದು ಬಿತ್ತನೆ ಪಕ್ಷ. ‘ಬೀಜ ಒಂದ್ವರ್ಷ ಮನೇಲಿಟ್ರೆ ಹುಳ ಬೀಳ್ತದೆ ಭಾವ.’ ಕೋಲ್ಡ್ ಸ್ಟೋರೇಜಿನ ಬಾಡಿಗೆ ಎಷ್ಟು, ಹುಳಕ್ಕೆ ಮದ್ದು ಯಾವುದು ಎಂಬಲ್ಲಿಗೆ ಮಾತು ಹೋಯಿತು. ಹಮಾಲರೂ ಸೇರಿಕೊಂಡರು. ಹುಡುಗಿ ಮೂಟೆಯ ಮೇಲೆ ಕೂತು ಮೊಬೈಲು ನೋಡುತ್ತಿದ್ದಳು.

‘ನೀನೇನಂತೀಯೆ ಪುಟ್ಟೀ?’ ಎಂದು ಕೊನೆಗೆ ಮಾವ ಕೇಳಿದರು.

‘ವೆಬ್ ಆಪ್ಷನ್ ಕೊಟ್ಬಿಟ್ಟೆ ಮಾವ. ಅನಂತಪುರದ ಕಾಲೇಜು ಮೊದಲು ಹಾಕಿದೀನಿ.’

‘ಯಾವಾಗ?’

‘ಈಗಲೇ. ನೀವು ಹುಳಕ್ಕೆ ಮದ್ದು ಹೇಳ್ತಿದ್ರಲ್ಲ, ಆಗ.’

ಭಾವಮೈದ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಮಾವ ಎದ್ದು ಗೋಡೆಯತ್ತ ತಿರುಗಿದರು. ‘ಆಷಾಢದಲ್ಲಿ ಆಪ್ಷನ್ನಾ!’ ಎಂದು ಒಮ್ಮೆ ಹಣೆ ಚಚ್ಚಿಕೊಂಡು, ಬುಧವಾರದ ಮನೆಯ ಮೇಲೆ ಬೆರಳಿಟ್ಟರು. ರಾಹುಕಾಲ ಹನ್ನೆರಡಕ್ಕೆ. ಅವಳ ಕೈಯಿಂದ ಮೊಬೈಲು ಇಸಕೊಂಡು, ಕನ್ನಡಕ ಮೇಲೇರಿಸಿ ನೋಡಿದರು. 11.40.

ಸ್ವಲ್ಪ ಹೊತ್ತಿಗೆ ಆಧಾರ್ ಜೆರಾಕ್ಸ್ ಹಿಡಿದು ಪೆನುಕೊಂಡದವರೊಬ್ಬರು ಬಂದರು. ಮಾವ ಅವರಿಗೆ ಟೀ ಹೇಳಿ, ಮೂಟೆಯ ಮೇಲೆ ಕೂತಿದ್ದ ಹುಡುಗಿಯನ್ನು ತೋರಿಸಿ ದನಿ ತಗ್ಗಿಸಿದರು. ‘ನಮ್ಮ ಹುಡುಗೀದು ಈಗ ತಾನೇ ಆಯ್ತು. ರಾಹು ಬರೋಕೆ ಇನ್ನೂ ಇಪ್ಪತ್ತು ನಿಮಿಷ ಇರೋ ಹಾಗೆ ಟೈಮ್ ಇಟ್ಟುಕೊಟ್ಟೆ.’