ಗೋಡೆ ಒಡೆದ ಮೇಲೆ ಬಂದ ಗೌರವ

ಮೈಸೂರಿನ ಯಾದವಗಿರಿಯಲ್ಲಿರುವ ಲೇಖಕ ಆರ್.ಕೆ. ನಾರಾಯಣ್ ಅವರ ಮನೆ ಸಂದರ್ಶನಕ್ಕೆ ಕೂಡಲೇ ಒಪ್ಪಿತು. ಷರತ್ತು ಒಂದೇ: ಅವರ ಕಥೆಗಳ ಕಾಲ್ಪನಿಕ ಊರು ಮಾಲ್ಗುಡಿ ಎಲ್ಲಿ ಎಂದು ಕೇಳಬಾರದು.

‘ಮಾಲ್ಗುಡಿ ಡೇಸ್ ಧಾರಾವಾಹಿ ನೋಡಿದವರೆಲ್ಲ ಅದರ ಹುಡುಗ ಸ್ವಾಮಿ ಓಡಾಡಿದ ಜಗುಲಿ ತೋರಿಸು ಅಂತಾರೆ. ನಿರ್ದೇಶಕ ಶಂಕರ್‌ನಾಗ್ ಚಿತ್ರೀಕರಣ ಮಾಡಿದ್ದು ಆಗುಂಬೆಯ ದೊಡ್ಡಮನೆಯಲ್ಲಿ. ಹೆಸರು ಅದಕ್ಕೆ, ಪ್ರಶ್ನೆ ನನಗೆ!’ ಎಂದು ಮನೆ ಗೊಣಗಿತು.

ವರದಿಗಾರ ವಯಸ್ಸು ವಿಚಾರಿಸಿದ. 1940ರ ದಶಕದ ಕೊನೆಯಲ್ಲಿ ಶುರುವಾದ ಕೆಲಸ ಮುಗಿದದ್ದು 50ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೂ ಯಜಮಾನರ ಸಂಸಾರ ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲೇ ಇತ್ತು. ‘ಕಾದಂಬರಿ ಮುಗಿಸುವುದು ಲೇಖಕರ ಕೈಲಿತ್ತು, ಮನೆ ಮುಗಿಸುವುದು ಕಂಟ್ರಾಕ್ಟರರ ಕೈಲಿತ್ತು’ ಎಂದಿತು ಮನೆ.

ವಾಸ್ತುಶಿಲ್ಪದ ಮಾತು ಬಂದಾಗ ಅದರ ದನಿ ಏರಿತು. ಒಂದು ಬದಿ ಅರ್ಧವೃತ್ತವಾಗಿ ಮುಂದಕ್ಕೆ ಚಾಚಿದೆ. ಮಹಡಿಯ ಬರವಣಿಗೆ ಕೋಣೆಗೆ ಎಂಟು ಕಿಟಕಿಗಳು. ಅಲ್ಲಿಂದ ಚಾಮುಂಡಿ ಬೆಟ್ಟ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನಾರಾಯಣ್ ಅದನ್ನೇ ನೋಡುತ್ತ ಕೂತುಬಿಡುತ್ತಿದ್ದರು. ಕೊನೆಗೆ ದಪ್ಪ ಪರದೆ ಹಾಕಿಸಿದ ಮೇಲೇ ಬರವಣಿಗೆ ಸಾಗಿತು.

‘ಹಾಗಾದರೆ ಎಂಟು ಕಿಟಕಿ ಯಾಕೆ ಬೇಕಿತ್ತು?’

‘ಪರದೆ ತೂಗುಹಾಕಲು.’

‘ದಿ ಗೈಡ್ ಕಾದಂಬರಿ ಇಲ್ಲೇ ಹುಟ್ಟಿದ್ದಲ್ಲವೇ?’

‘ಸುಳ್ಳು ಹೇಳಲಾರೆ. ಅದರ ಬಹುಭಾಗ ಬರೆದದ್ದು ಅಮೆರಿಕದ ಬರ್ಕ್ಲಿಯ ಹೋಟೆಲ್ ಕೋಣೆಯಲ್ಲಿ. ನನ್ನ ಗೋಡೆ ನೇವರಿಸಿ ಭಾವುಕರಾಗುವವರಿಗೆ ಇದನ್ನು ಹೇಳುವ ಧೈರ್ಯ ಬರುವುದಿಲ್ಲ.’

ಮಾಲೀಕತ್ವದ ಕಥೆಗೆ ಬಂದಾಗ ಮನೆ ಹುಷಾರಾಯಿತು. ಯಜಮಾನರು ವೃದ್ಧಾಪ್ಯದಲ್ಲಿ ಚೆನ್ನೈ ಸೇರಿದರು, 2001ರಲ್ಲಿ ತೀರಿಕೊಂಡರು. 2011ರಲ್ಲಿ ಕೆಡಹುವ ಕೆಲಸ ಶುರುವಾಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಅಧಿಕಾರಿಗಳು ತಡೆದರು, ಮನೆಗೆ ಪಾರಂಪರಿಕ ಕಟ್ಟಡದ ಪಟ್ಟವೂ ಸಿಕ್ಕಿತು.

‘ಪಾರಂಪರಿಕ ಕಟ್ಟಡವಾಗಲು ಏನು ಅರ್ಹತೆ ಬೇಕು?’

‘ಮೊದಲು ಒಂದೆರಡು ಗೋಡೆ ಉರುಳಬೇಕು. ಅರವತ್ತು ವರ್ಷ ನೆಟ್ಟಗೆ ನಿಂತಿದ್ದಾಗ ಯಾರೂ ಕತ್ತೆತ್ತಿ ನೋಡಲಿಲ್ಲ.’

ಆಮೇಲೆ ಭಾಷೆಯ ತಕರಾರು. ಇಂಗ್ಲಿಷಿನಲ್ಲಿ ಬರೆದವರ ಮನೆ ಕೊಳ್ಳಲು ಸರ್ಕಾರದ ಹಣವೇಕೆ ಎಂದು ಕನ್ನಡದ ಕೆಲವು ಲೇಖಕರೇ ಆಕ್ಷೇಪಿಸಿದರು. ‘ನನ್ನ ಗಾರೆಯವರು, ಬಡಗಿಗಳು ಯಾವ ಭಾಷೆಯಲ್ಲಿ ಬೈದಾಡಿಕೊಂಡರು ಅಂತ ಒಬ್ಬರಾದರೂ ಕೇಳಿದರೇ?’ ಎಂಬುದು ಮನೆಯ ದೂರು. ಹಾಗೆಂದು ಆಕ್ಷೇಪವನ್ನು ಅದು ತೀರ ತಳ್ಳಿಹಾಕಲಿಲ್ಲ. ಕನ್ನಡ ಲೇಖಕರ ಮನೆಗಳೂ ಬೀಳುತ್ತಿವೆಯಲ್ಲ ಎಂದಿತು.

ಕೊನೆಗೆ 2 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮಹಾನಗರ ಪಾಲಿಕೆ ಕೊಂಡಿತು. ದುರಸ್ತಿಯಾಗಿ 2016ರ ಜುಲೈನಲ್ಲಿ ಮನೆ ವಸ್ತುಸಂಗ್ರಹಾಲಯವಾಯಿತು. ಈಗ ಯಜಮಾನರ ಕನ್ನಡಕ, ಬಟ್ಟೆ, ಪುಸ್ತಕ, ಪ್ರಶಸ್ತಿಗಳಿಗೆ ಅದೇ ಕಾವಲು.

ಮೈಸೂರಿಗೆ ಏನಾದರೂ ಹೇಳುವುದಿದೆಯೇ ಎಂದಾಗ ಮನೆ ಉಪದೇಶಕ್ಕೆ ಇಳಿಯಲಿಲ್ಲ, ಅರ್ಜಿ ಕೊಟ್ಟಿತು: ‘ನೊಬೆಲ್‌ಗೆ ಹೆಸರು ಕೇಳಿಬಂದ ಯಜಮಾನರಿಲ್ಲದ ಹಳೆಯ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಅವುಗಳ ಪಟ್ಟಿಯನ್ನು ಜೆಸಿಬಿ ಬರುವ ಮೊದಲೇ ಮಾಡಿ.’