ನೋಟ್ಸ್ ಕೊಡದ ದ್ರೋಣರು

ನಮ್ಮ ರೋಣ ಹಿಂದೆ ದ್ರೋಣಪುರ ಆಗಿತ್ತಂತೆ, ದ್ರೋಣಾಚಾರ್ಯರು ಇಲ್ಲಿ ಇದ್ದರಂತೆ. ಸಾಕ್ಷಿ ಕೇಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಗಿರಮಿಟ್ ತಿನ್ನುತ್ತ ನಿಂತವರನ್ನು ಕೇಳಿದರೆ ‘ಹೌದ್ರಿ ಮತ್ತ’ ಅಂದಾರು, ಮುಗಿಯಿತು. ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. ಆ ದ್ರೋಣರು ಈಗ ಇಲ್ಲಿನ ಡಿಗ್ರಿ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಬಂದರೆ ಹುಡುಗರು ಅವರಿಗೆ ಎಷ್ಟು ಅಂಕ ಕೊಟ್ಟಾರು?

ಹೌದು, ಈಗ ಅಂಕ ಕೊಡುವ ಸರದಿ ಹುಡುಗರದೂ ಇದೆ. 2017ರಲ್ಲಿ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನವರು ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ತಂದ ಮೇಲೆ ಗುರುವಿಗೂ ಪರೀಕ್ಷೆ.

ದ್ರೋಣರ ಪಾಠವೋ, ಮರದ ಮೇಲೆ ಹಕ್ಕಿ ಇಟ್ಟು ‘ಏನು ಕಾಣ್ತದ?’ ಎಂದು ಒಬ್ಬೊಬ್ಬರನ್ನೇ ಕೇಳುವುದು. ಮರ, ಟೊಂಗೆ ಅಂದವರಿಗೆ ‘ಬಿಲ್ಲು ಇಳಸು’. ನೂರು ಕೌರವರು, ಐವರು ಪಾಂಡವರು. ಅರ್ಜುನನನ್ನು ಬಿಟ್ಟರೆ ಸಮೀಕ್ಷೆಯ 104 ಫಾರ್ಮು. (ಅಶ್ವತ್ಥಾಮನನ್ನು ಎಣಿಸಿಲ್ಲ, ಮನೆಯ ಹುಡುಗ.) ಎಲ್ಲದರಲ್ಲೂ ಒಂದೇ ತಕರಾರು: ‘ಸರ ಬರೇ ಪ್ರಶ್ನಿ ಕೇಳತಾರ. ಪೋರ್ಷನ್ ಮುಗಸಂಗಿಲ್ಲ. ನೋಟ್ಸ್ ಕೊಡಂಗಿಲ್ಲ.’

ಪಕ್ಕದ ಕೋಣೆಯ ಸರ್ ಹಾಗಲ್ಲ. ‘ಬರ್ಕೋರಿ’ ಅಂತ ಶುರುಮಾಡಿ ಪೂರ್ಣವಿರಾಮವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಕಡೆಯ ವಾರ ‘ಇಂಪಾರ್ಟಂಟ್’ ಪ್ರಶ್ನೆ ಗುರುತು ಹಾಕಿಸುತ್ತಾರೆ. ಹುಡುಗರ ಪಾಲಿಗೆ ದೇವರು.

ಇದು ರೋಣದ ಹುಡುಗರ ಚಾಳಿ ಅಂದುಕೊಂಡಿದ್ದೆ. ಹಾರ್ವರ್ಡ್‌ನಲ್ಲೂ ಇದೇ ಕಥೆ! ಅಲ್ಲಿ ಭೌತಶಾಸ್ತ್ರದ ಒಂದೇ ಪಾಠವನ್ನು ಒಂದು ಗುಂಪಿಗೆ ನಿರರ್ಗಳ ಉಪನ್ಯಾಸವಾಗಿ ಕೊಟ್ಟರು, ಇನ್ನೊಂದಕ್ಕೆ ‘ನೀವೇ ಕೂಡಿ ಬಿಡಿಸಿ’ ಅಂದರು. 2019ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ತಲೆ ಕೆಡಿಸಿಕೊಂಡವರು ‘ಕಲಿತದ್ದು ಕಡಿಮೆ’ ಅಂದರು, ಪರೀಕ್ಷೆಯಲ್ಲಿ ಅಂಕ ಮಾತ್ರ ಅವರಿಗೇ ಹೆಚ್ಚು.

ನಮ್ಮ ಅಡುಗೆಮನೆಗೆ ಇದು ಹಳೇ ಸುದ್ದಿ. ಅವ್ವ ಟಪಟಪ ಜೋಳದ ರೊಟ್ಟಿ ಬಡಿಯುವಾಗ ಎದುರು ಕೂತವನಿಗೆ ‘ಇಷ್ಟ ಹೌದಲ್ಲ, ನನಗೂ ಬರ್ತದ’ ಅನ್ನಿಸುತ್ತದೆ. ಅದು ಪೂರ್ಣ ತೃಪ್ತಿ. ನಾನೂ ಹಾಗೇ ತೃಪ್ತನಾಗಿ ಒಮ್ಮೆ ಹಿಟ್ಟಿಗೆ ಕೈಹಾಕಿದೆ. ನೀರು ಹೆಚ್ಚಾಯಿತು, ಹಿಟ್ಟು ಸುರಿದೆ. ಅಂಚು ಒಡೆಯಿತು, ನೀರು ಸುರಿದೆ. ಹಂಚಿಗೆ ಹೋಗುವಷ್ಟರಲ್ಲಿ ಅದು ಮೂರು ತುಂಡು. ಆ ದಿನ ನನ್ನ ತೃಪ್ತಿ ಸೊನ್ನೆ. ಆದರೆ ನಾದುವುದು ಏನೆಂದು ತಿಳಿದದ್ದು ಆ ದಿನವೇ.

ಹಾಗಂತ ನೋಟ್ಸಿನ ಸರ್‌ಗೆ ನಾನು ಶಾಪ ಹಾಕುವವನಲ್ಲ. ಸೂಡಿಯಿಂದಲೋ ಹೊಳೆಆಲೂರಿನಿಂದಲೋ ಬಸ್ಸಿಗೆ ಜೋತುಬಿದ್ದು ಬರುವ, ಕಡಲೆ ಕೀಳುವ ದಿನ ಹೊಲದಲ್ಲಿರುವ ಹುಡುಗಿಗೆ ಗೆಳತಿಯ ನೋಟ್‌ಬುಕ್ಕೇ ಕಾಲೇಜು. ಪ್ರಶ್ನೆಪತ್ರಿಕೆಯೂ ಉರುಹೊಡೆದದ್ದನ್ನೇ ಕೇಳಿದರೆ ತಪ್ಪು ಅವಳದಲ್ಲ.

ಇನ್ನು ಏಕಲವ್ಯ. ಹಾಜರಿ ಶೂನ್ಯ, ವಿದ್ಯೆ ಎಲ್ಲರಿಗಿಂತ ಮುಂದೆ. ಫೀ ಮಾತ್ರ ದುಬಾರಿಯಾಯಿತು. ಅವನ ಕೈಗೆ ಯಾರೂ ಫಾರ್ಮು ಕೊಡಲಿಲ್ಲ, ನೋಡಿ.

ಇಷ್ಟು ಓದಿ ನಿಮಗೆ ತೃಪ್ತಿಯಾಗಿದ್ದರೆ ನನಗೆ ಅನುಮಾನ. ನಾಳೆ ಬೆಳಿಗ್ಗೆ ಒಂದು ರೊಟ್ಟಿ ಬಡಿದು ತೋರಿಸಿ, ಆಮೇಲೆ ಮಾತಾಡೋಣ.